ಸಿಮೆಯೋನರ ಕೈಗೆ ಕೊಟ್ಟ ಮಗು

(ಪ್ರಭುವಿನ ಸಮರ್ಪಣೆಯ ಹಬ್ಬದಂದು ಮಂಚಿಕೇರಿಯಲ್ಲಿ ನೀಡಿದ ಪ್ರಬೋಧನೆ. ಶುಭಸಂದೇಶ: ಲೂಕ 2:22–40)



ಕ್ರಿಸ್ತಜಯಂತಿ ಕಳೆದು ಇಂದಿಗೆ ನಲವತ್ತು ದಿನ. ಸ್ವಲ್ಪ ಹೊತ್ತಿಗೆ ಮುಂಚೆ ನಾವೆಲ್ಲರೂ ಬಾಗಿಲ ಹೊರಗೆ ಬೆಳಗಿನ ಚಳಿಯಲ್ಲಿ ನಿಂತು, ಮೇಣದ ಬತ್ತಿಗಳನ್ನು ಹೊತ್ತಿಸಿಕೊಂಡು, ಮೆರವಣಿಗೆಯಲ್ಲಿ ಒಳಗೆ ಬಂದೆವು. ಮುಂದೆ ಮಕ್ಕಳಿದ್ದರು, ಅವರ ಹಿಂದೆ ತಾಯಂದಿರು, ಕೊನೆಯಲ್ಲಿ ಗಂಡಸರು. ನಮ್ಮ ಹಿರಿಯರು ಎಲ್ಲಿದ್ದರು? ಕೆಲವರು ನಿಲ್ಲಲಾರದೆ ಮೊದಲೇ ಒಳಗೆ ಬಂದು ಕುಳಿತಿದ್ದರು. ಇನ್ನು ಹಲವರು ಮನೆಯಲ್ಲಿಯೇ ಉಳಿದಿದ್ದಾರೆ. ಅವರ ಪಾಲಿನ ಬತ್ತಿಗಳು ಇಗೋ, ಪೀಠದ ಪಕ್ಕದ ಪೆಟ್ಟಿಗೆಯಲ್ಲಿವೆ. ಆ ಪೆಟ್ಟಿಗೆಯ ವಿಷಯಕ್ಕೆ ಕೊನೆಯಲ್ಲಿ ಬರೋಣ.

ಪೂರ್ವ ದೇಶಗಳ ಧರ್ಮಸಭೆಗಳಲ್ಲಿ ಈ ಹಬ್ಬಕ್ಕೆ 'ಭೇಟಿ' ಎಂದೇ ಹೆಸರು. ಯಾರ ಭೇಟಿ? ನಲವತ್ತು ದಿನದ ಕೂಸಿನೊಂದಿಗೆ ಇಬ್ಬರು ವೃದ್ಧರ ಭೇಟಿ. ಮರಿಯಮ್ಮನವರೂ ಜೋಸೆಫರೂ ಬಡವರು. ಕುರಿಮರಿ ಕೊಳ್ಳುವ ಶಕ್ತಿಯಿಲ್ಲದವರು ಅರ್ಪಿಸುವ ಜೋಡಿ ಹಕ್ಕಿಗಳನ್ನು ಅರ್ಪಿಸಲು ಮಹಾದೇವಾಲಯಕ್ಕೆ ಬಂದಿದ್ದರು. ಅಲ್ಲಿ ಅವರನ್ನು ಗುರುತಿಸಿದವರು ಯಾಜಕರಲ್ಲ, ಶಾಸ್ತ್ರಿಗಳೂ ಅಲ್ಲ. ಸಿಮೆಯೋನ ಎಂಬ ಒಬ್ಬರು, ಅನ್ನಾ ಎಂಬ ಒಬ್ಬ ವಿಧವೆ. ಸಿಮೆಯೋನರ ವಯಸ್ಸನ್ನು ಲೂಕರು ಬರೆದಿಲ್ಲ. ಅವರು ಮುದುಕರೆಂದು ನಾವು ಪರಂಪರೆಯಿಂದ ತಿಳಿದಿದ್ದೇವೆ. ಆದರೆ ಅನ್ನಾರ ವಿಷಯದಲ್ಲಿ ಲೂಕರು ಮನೆ ಮನೆಗೆ ಪುಸ್ತಕ ಹಿಡಿದು ಬರುವ ಆಶಾ ಕಾರ್ಯಕರ್ತೆಯಂತೆ ಎಲ್ಲವನ್ನೂ ಬರೆದುಕೊಂಡಿದ್ದಾರೆ: ತಂದೆಯ ಹೆಸರು, ಕುಲ, ಎಷ್ಟು ವರ್ಷ ಸಂಸಾರ ಮಾಡಿದರು, ಈಗ ವಯಸ್ಸೆಷ್ಟು. ಎಂಬತ್ತನಾಲ್ಕು.

ಈ ಶುಭಸಂದೇಶದಲ್ಲಿ ನಾವು ಸಾಮಾನ್ಯವಾಗಿ ಸಿಮೆಯೋನರ ಹಾಡನ್ನು ಗಮನಿಸುತ್ತೇವೆ. ಇಂದು ಅದಕ್ಕಿಂತ ಮೊದಲಿನ ಒಂದು ಸಣ್ಣ ಸಂಗತಿಯನ್ನು ಗಮನಿಸೋಣ. ಸಿಮೆಯೋನರು ಮಗುವನ್ನು ಕೈಗಳಲ್ಲಿ ಎತ್ತಿಕೊಂಡರು. ಹಾಗೆ ಎತ್ತಿಕೊಳ್ಳಬೇಕಾದರೆ ತಾಯಿ ಕೊಟ್ಟಿರಬೇಕಲ್ಲವೇ? ಚೊಚ್ಚಲ ಮಗು. ಆ ಮುದುಕರ ಗುರುತಿಲ್ಲ. ಕೈ ನಡುಗುತ್ತಿದ್ದಿರಲೂಬಹುದು. ಆದರೂ ಮರಿಯಮ್ಮನವರು ಕೊಟ್ಟರು. ನಮ್ಮ ಮನೆಗಳಲ್ಲಿ ಅಜ್ಜ ಕೈ ಚಾಚಿದರೆ ನಾವು ಏನು ಹೇಳುತ್ತೇವೆ? 'ಬೇಡ ಅಜ್ಜ, ನಿಮ್ಮ ಕೈಲಿ ಆಗುವುದಿಲ್ಲ, ಸುಮ್ಮನೆ ಕುಳಿತುಕೊಳ್ಳಿ.' ಪ್ರೀತಿಯಿಂದಲೇ ಹೇಳುತ್ತೇವೆ. ಆ ಪ್ರೀತಿಯ ಬಗ್ಗೆಯೇ ಇಂದು ಮಾತನಾಡಬೇಕಾಗಿದೆ.

ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ನಾವು ಘಟ್ಟದ ಮೇಲಿನ ಬೇರೊಂದು ಊರಿನಲ್ಲಿ ಸೇವೆಯಲ್ಲಿದ್ದೆವು. ಊರಿನ ಹೆಸರು ಬೇಡ. ಅಲ್ಲಿ ಒಬ್ಬ ಅಜ್ಜಿ ಪ್ರತಿ ಭಾನುವಾರ ಎರಡನೆಯ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದರು. ಒಂದು ಮಳೆಗಾಲದ ನಂತರ ಬರುವುದನ್ನು ನಿಲ್ಲಿಸಿದರು. ಮೊಣಕಾಲು ನೋವು ಎಂದು ಮನೆಯವರು ಹೇಳಿದರು, ನಾವು ನಂಬಿದೆವು. ಮಗ ಗೋವಾದಲ್ಲಿ ದುಡಿದು ತಪ್ಪದೆ ಹಣ ಕಳುಹಿಸುತ್ತಿದ್ದ, ಸೊಸೆ ಹೊತ್ತು ಹೊತ್ತಿಗೆ ಊಟ ಕೊಡುತ್ತಿದ್ದಳು, ಬಿ.ಪಿ. ಮಾತ್ರೆ ತಪ್ಪುತ್ತಿರಲಿಲ್ಲ. ಪ್ರತಿ ತಿಂಗಳ ಮೊದಲ ಶುಕ್ರವಾರ ನಾವು ಪರಮಪ್ರಸಾದ ಒಯ್ದು ಕೊಡುತ್ತಿದ್ದೆವು. ಜೀಪು ಹೊರಗೆ ಚಾಲೂ ಇರುತ್ತಿತ್ತು, ಏಕೆಂದರೆ ಇನ್ನೂ ಏಳೆಂಟು ಮನೆಗಳಿಗೆ ಹೋಗಬೇಕಿತ್ತು. ಆ ಅಜ್ಜಿ ನಮ್ಮ ಲೆಕ್ಕದಲ್ಲಿ 'ಚೆನ್ನಾಗಿ ನೋಡಿಕೊಳ್ಳಲ್ಪಡುತ್ತಿರುವವರು'. ಒಂದು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು.

ಒಂದು ಶುಕ್ರವಾರ ಜೀಪು ಕೆಟ್ಟು ನಿಂತಿತು. ಮೆಕ್ಯಾನಿಕ್ ಬರುವವರೆಗೆ ಆ ಮನೆಯ ಜಗಲಿಯಲ್ಲಿ ಕುಳಿತುಕೊಳ್ಳಬೇಕಾಯಿತು. ಆಗ ಅಜ್ಜಿ ಮಾತನಾಡಿದರು. 'ಫಾದರ್, ಊಟಕ್ಕೆ ಕಮ್ಮಿ ಇಲ್ಲ. ಎಲ್ಲ ತಂದು ಕೊಡ್ತಾರೆ. ಆದರೆ ಏನೂ ಕೇಳುವುದಿಲ್ಲ.' ನಮಗೆ ಅರ್ಥವಾಗಲಿಲ್ಲ. ನಿಧಾನವಾಗಿ ಬಿಡಿಸಿ ಹೇಳಿದರು. ಮೊದಲು ಮೆಟ್ಟುಗತ್ತಿ ತೆಗೆದಿಟ್ಟರು, ಕೈ ಕೊಯ್ದುಕೊಂಡೀರಿ ಎಂದು. ಆಮೇಲೆ ಒಲೆಯ ಹತ್ತಿರ ಹೋಗಬೇಡಿ ಎಂದರು, ಬಿದ್ದೀರಿ ಎಂದು. ಬೀಗದ ಕೈ ಸೊಸೆಯ ಸೊಂಟಕ್ಕೆ ಹೋಯಿತು, ಮರೆತೀರಿ ಎಂದು. ಮೊಮ್ಮಗುವನ್ನು ಎತ್ತಿಕೊಳ್ಳುವುದು ನಿಂತಿತು. ಮಲಗುವ ಜಾಗ ಒಳಕೋಣೆಯಿಂದ ಜಗಲಿಯ ಪಕ್ಕಕ್ಕೆ ಬಂತು, ಬಚ್ಚಲಿಗೆ ಹತ್ತಿರವಾಗಲಿ ಎಂದು. ಒಂದೊಂದೂ ಅವರ ಒಳ್ಳೆಯದಕ್ಕೇ. ಆ ಸೊಸೆಯಲ್ಲಿ ನಾವು ತಪ್ಪು ಕಾಣಲಾರೆವು.

ದೇವಾಲಯಕ್ಕೆ ಬಾರದಿರುವ ನಿಜವಾದ ಕಾರಣವನ್ನು ಅಜ್ಜಿ ನಮಗೆ ಹೇಳಲಿಲ್ಲ, ಮರುವಾರ ಹೋದ ಸಿಸ್ಟರಿಗೆ ಹೇಳಿದರು. ಅವರಿಗೆ ಮೂತ್ರ ತಡೆಯಲು ಆಗುತ್ತಿರಲಿಲ್ಲ. ಬಲಿಪೂಜೆಯ ನಡುವೆ ಎದ್ದು ಹೋಗಲು ನಾಚಿಕೆ. ಹೋದರೂ ಶೌಚಾಲಯ ದೇವಾಲಯದ ಹಿಂದೆ, ಪಾಚಿ ಹಿಡಿದ ಮೆಟ್ಟಿಲುಗಳ ಕೆಳಗೆ. ಒಮ್ಮೆ ಬೆಂಚು ಒದ್ದೆಯಾಗಿತ್ತಂತೆ. ಅಂದಿನಿಂದ ಬರುವುದನ್ನೇ ಬಿಟ್ಟರು. ಆ ಮೆಟ್ಟಿಲುಗಳಿಗೆ ಒಂದು ಹಿಡಿಕೋಲು ಹಾಕಿಸಬೇಕೆಂದು ನಮಗೆ, ಅಂದರೆ ಗುರುಗಳಿಗಾಗಲಿ ಪಾಲನಾ ಮಂಡಳಿಗಾಗಲಿ, ಹೊಳೆದಿರಲಿಲ್ಲ. ಅದೇ ವರ್ಷ ನಾವು ಹಬ್ಬಕ್ಕೆ ಹೊಸ ಧ್ವನಿವರ್ಧಕ ಕೊಂಡಿದ್ದೆವು.

ಹಬ್ಬದ ಪ್ರಬೋಧನೆಯಲ್ಲಿ ಇಂಥ ಮಾತು ಏಕೆ ಎಂದು ಕೆಲವರು ಮುಖ ಕೆಳಗೆ ಹಾಕಿದ್ದೀರಿ. ಲೂಕರು ವೈದ್ಯರಾಗಿದ್ದರೆಂದು ಪರಂಪರೆ ಹೇಳುತ್ತದೆ, ಅವರು ಬೇಸರಪಟ್ಟುಕೊಳ್ಳಲಿಕ್ಕಿಲ್ಲ. ಇಲ್ಲಿರುವ ಹಿರಿಯರಲ್ಲಿ ಯಾರಿಗಾದರೂ ಈ ತೊಂದರೆಯಿದ್ದರೆ ತಿಳಿದುಕೊಳ್ಳಿ: ಇದು ವಯಸ್ಸಿಗೆ ಬಂದ ಶಾಪವಲ್ಲ. ಮೂತ್ರದ ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆ, ಕೆಲವು ಮಾತ್ರೆಗಳು, ಸಡಿಲವಾದ ಸ್ನಾಯು, ಹೀಗೆ ಕಾರಣಗಳಿವೆ, ಅನೇಕರಿಗೆ ಚಿಕಿತ್ಸೆಯಿಂದ ಕಡಿಮೆಯಾಗುತ್ತದೆ. ಡಾಕ್ಟರರಿಗೆ ಹೇಳಬೇಕು, ಅಷ್ಟೇ.

ಆ ಅಜ್ಜಿಯ ಮಾತು ನಮ್ಮನ್ನು ಬಿಡಲಿಲ್ಲ. ವೃದ್ಧರ ಆರೋಗ್ಯದ ಬಗ್ಗೆ ಅಧ್ಯಯನ ಮಾಡಿದವರು ಏನು ಹೇಳುತ್ತಾರೆಂದು ಅಲ್ಲಿಂದ ಓದತೊಡಗಿದೆವು. ನಮ್ಮ ದೇಶದಲ್ಲಿ ಈ ಕೆಲಸ ತಡವಾಗಿ ಆರಂಭವಾಯಿತು. 2011ರ ಜನಗಣತಿಯಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ. 2050ರ ಹೊತ್ತಿಗೆ ಐವರಲ್ಲಿ ಒಬ್ಬರು ಹಿರಿಯರಾಗಿರುತ್ತಾರೆಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಅಂದಾಜು ಮಾಡಿತು. ಇವರು ಹೇಗೆ ಬದುಕುತ್ತಿದ್ದಾರೆಂದು ತಿಳಿಯಲು 2017–18ರಲ್ಲಿ ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆಯವರು ನಲವತ್ತೈದು ದಾಟಿದ 72 ಸಾವಿರಕ್ಕೂ ಹೆಚ್ಚು ಜನರ ಮನೆ ಬಾಗಿಲಿಗೆ ಹೋದರು. ರಕ್ತದೊತ್ತಡ ನೋಡಿದರು, ನಡಿಗೆಯ ವೇಗ ನೋಡಿದರು, ಕೈಯ ಹಿಡಿತವನ್ನೂ ಅಳೆದರು. ಸ್ನೇಹಿತರಿದ್ದಾರೆಯೇ, ಮನೆಯಲ್ಲಿ ಯಾರಾದರೂ ಹಿಂಸೆ ಕೊಡುತ್ತಾರೆಯೇ ಎಂದೂ ಕೇಳಿದರು. 2021ರ ಜನವರಿಯಲ್ಲಿ ವರದಿ ಹೊರಬಂತು. ಅರವತ್ತು ದಾಟಿದವರಲ್ಲಿ ನಾಲ್ವರಲ್ಲಿ ಮೂವರಿಗೆ ಒಂದಲ್ಲ ಒಂದು ದೀರ್ಘ ಕಾಯಿಲೆ. ಐವರಲ್ಲಿ ಒಬ್ಬರಿಗೆ ಮನಸ್ಸಿಗೆ ಸಂಬಂಧಿಸಿದ ತೊಂದರೆ. ಆದರೆ ಒಬ್ಬರೇ ಇರುವ ವೃದ್ಧರು ನೂರಕ್ಕೆ ಆರರಷ್ಟು ಮಾತ್ರ. ಬಹುತೇಕರು ಮಕ್ಕಳು ಮೊಮ್ಮಕ್ಕಳ ಮನೆಯಲ್ಲಿಯೇ ಇದ್ದಾರೆ.

ಅಮೆರಿಕದವರ ಹಾಗೆ ನಾವು ಹೆತ್ತವರನ್ನು ಬಿಟ್ಟಿಲ್ಲ ಎಂದು ನಾವು ಹೆಮ್ಮೆಪಡುತ್ತೇವೆ. ಸರಿ. ಆದರೆ ಒಬ್ಬರೇ ಇರುವುದು ಬೇರೆ, ಒಂಟಿತನ ಬೇರೆ. ಕ್ಯಾಲಿಫೋರ್ನಿಯಾದ ಒಂದು ವಿಶ್ವವಿದ್ಯಾಲಯದಲ್ಲಿ ಒಂಟಿತನವನ್ನು ಅಳೆಯಲು ಇಪ್ಪತ್ತು ಪ್ರಶ್ನೆಗಳನ್ನು ಮಾಡಿದ್ದರು. 2004ರಲ್ಲಿ ಅದನ್ನು ಮೂರಕ್ಕೆ ಇಳಿಸಿದರು. ಜೊತೆಗೆ ಯಾರೂ ಇಲ್ಲವೆಂದು ನಿಮಗೆ ಎಷ್ಟು ಸಲ ಅನ್ನಿಸುತ್ತದೆ? ನಿಮ್ಮನ್ನು ಬಿಟ್ಟು ಎಲ್ಲ ನಡೆಯುತ್ತಿದೆ ಎಂದು ಎಷ್ಟು ಸಲ ಅನ್ನಿಸುತ್ತದೆ? ಎಲ್ಲರಿಂದ ಬೇರೆಯಾಗಿದ್ದೇನೆ ಎಂದು ಎಷ್ಟು ಸಲ? ಈ ಮೂರು ಪ್ರಶ್ನೆಗಳಲ್ಲಿ 'ಮನೆಯಲ್ಲಿ ಎಷ್ಟು ಜನ ಇದ್ದಾರೆ' ಎಂಬುದಿಲ್ಲ. ಆ ಜಗಲಿಯ ಅಜ್ಜಿಯ ಮನೆಯಲ್ಲಿ ಆರು ಜನ ಇದ್ದರು.

ಇದರಿಂದ ದೇಹಕ್ಕೆ ಏನಾಗುತ್ತದೆ? 2010ರಲ್ಲಿ ಕೆಲವು ಸಂಶೋಧಕರು ಅದುವರೆಗಿನ 148 ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಜನರೊಡನೆ ಗಟ್ಟಿಯಾದ ಸಂಬಂಧ ಉಳ್ಳವರು ಆಯಾ ಅಧ್ಯಯನದ ಅವಧಿಯಲ್ಲಿ ಬದುಕಿ ಉಳಿಯುವ ಸಂಭವ ಉಳಿದವರಿಗಿಂತ ಶೇಕಡಾ ಐವತ್ತರಷ್ಟು ಹೆಚ್ಚಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯು ಈ ವಿಷಯಕ್ಕಾಗಿಯೇ ಒಂದು ಆಯೋಗ ರಚಿಸಿತು. ಒಂಟಿತನಕ್ಕೆ ಸಂಬಂಧಿಸಿ ವರ್ಷಕ್ಕೆ ಸುಮಾರು 8 ಲಕ್ಷ 71 ಸಾವಿರ ಸಾವುಗಳಾಗುತ್ತಿವೆ ಎಂದು ಅದರ ವರದಿ 2025ರಲ್ಲಿ ಅಂದಾಜು ಮಾಡಿತು. ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಒಂಟಿತನದಿಂದ ಕಾಯಿಲೆಯೋ, ಕಾಯಿಲೆಯಿಂದ ಒಂಟಿತನವೋ? ಎರಡೂ ನಿಜ, ಎರಡನ್ನೂ ಬಿಡಿಸುವುದು ಕಷ್ಟ ಎಂದು ಸಂಶೋಧಕರೇ ಒಪ್ಪುತ್ತಾರೆ. ನಮ್ಮ ಅಜ್ಜಿಯ ಕಥೆಯಲ್ಲಿ ಮೂತ್ರದ ತೊಂದರೆ ಮೊದಲು ಬಂತು; ಮನೆಯಲ್ಲಿ ಉಳಿದದ್ದು ಆಮೇಲೆ; ನಡೆಯದೆ ಕಾಲು ಇನ್ನಷ್ಟು ಬಿಗಿಯಿತು; ಕಾಲು ಬಿಗಿದ ಮೇಲೆ ಬರುವ ಮಾತೇ ಇಲ್ಲ.

ಕೈಯ ಹಿಡಿತದ ಮಾತು ಹೇಳಿದೆವು. ಹದಿನೇಳು ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸಿದ 'ಪ್ಯೂರ್' ಎಂಬ ಅಧ್ಯಯನದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ನಮ್ಮವರೇ ಆದ ಬೆಂಗಳೂರಿನ ಸಂತ ಜಾನರ ಸಂಶೋಧನಾ ಸಂಸ್ಥೆಯೂ ಆ ಅಧ್ಯಯನದಲ್ಲಿ ಪಾಲುಗೊಂಡಿದೆ. ಮಧ್ಯವಯಸ್ಸಿನಿಂದ ಎಪ್ಪತ್ತರವರೆಗಿನವರಲ್ಲಿ, ಯಾರು ಬೇಗ ಸಾಯುವ ಅಪಾಯದಲ್ಲಿದ್ದಾರೆ ಎಂಬುದನ್ನು ರಕ್ತದೊತ್ತಡಕ್ಕಿಂತ ಕೈಹಿಡಿತದ ಬಲವೇ ಚೆನ್ನಾಗಿ ತೋರಿಸಿತು. ಕೈಯಲ್ಲಿ ರಬ್ಬರ್ ಚೆಂಡು ಹಿಸುಕಿದರೆ ಆಯುಸ್ಸು ಹೆಚ್ಚುತ್ತದೆ ಎಂದು ಇದರ ಅರ್ಥವಲ್ಲ. ಇಡೀ ದೇಹ ಎಷ್ಟು ಬಳಕೆಯಲ್ಲಿದೆ ಎಂಬುದಕ್ಕೆ ಕೈ ಒಂದು ಗುರುತು. ಮೆಟ್ಟುಗತ್ತಿ, ಒಲೆ, ಬೀಗದ ಕೈ, ಮೊಮ್ಮಗು ಎಲ್ಲವನ್ನೂ ತೆಗೆದುಕೊಂಡ ಮೇಲೆ ಆ ಕೈಗೆ ಏನು ಉಳಿಯಿತು?

ಇಂದು ಧಾರ್ಮಿಕ ಸಹೋದರ ಸಹೋದರಿಯರ ದಿನವೂ ಹೌದು. ಜಗದ್ಗುರು ಎರಡನೆಯ ಜಾನ್ ಪೌಲರು 1997ರಲ್ಲಿ ಇದನ್ನು ಆರಂಭಿಸಿದರು. ಆದ್ದರಿಂದ ಸಿಸ್ಟರರ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆವು. ಅಮೆರಿಕದಲ್ಲಿ 1986ರಲ್ಲಿ ಡೇವಿಡ್ ಸ್ನೋಡನ್ ಎಂಬ ಸಂಶೋಧಕರು ನೋತ್ರ್ ದಾಮ್ ಶಾಲಾ ಸಿಸ್ಟರರ ಮಠವೊಂದಕ್ಕೆ ಹೋಗಿ, ಮುಪ್ಪಿನ ಮರೆವಿನ ಬಗ್ಗೆ ಅಧ್ಯಯನ ಮಾಡಲು ಅನುಮತಿ ಕೇಳಿದರು. ಮುಂದೆ 75 ರಿಂದ 102 ವರ್ಷದವರೆಗಿನ 678 ಸಿಸ್ಟರರು ಒಪ್ಪಿದರು. ತಪ್ಪದೆ ಪರೀಕ್ಷೆಗಳಿಗೆ ಕುಳಿತದ್ದಷ್ಟೇ ಅಲ್ಲ, ಸತ್ತ ಮೇಲೆ ತಮ್ಮ ಮೆದುಳನ್ನೂ ಕೊಡುವುದಾಗಿ ಬರೆದುಕೊಟ್ಟರು. ಜೀವನವಿಡೀ ಕಲಿಸಿದವರು, ಸತ್ತ ಮೇಲೂ ಕಲಿಸುವ ಮನಸ್ಸು ಮಾಡಿದರು. ಒಂದೇ ಬಗೆಯ ಊಟ, ಒಂದೇ ಬಗೆಯ ವಸತಿ, ಬೀಡಿ ಸಿಗರೇಟು ಇಲ್ಲ, ಹೆರಿಗೆ ಇಲ್ಲ. ಹಾಗಾಗಿ ಒಬ್ಬರನ್ನೊಬ್ಬರಿಗೆ ಹೋಲಿಸುವುದು ಸುಲಭ. ಇನ್ನೂ ಒಂದು ಅನುಕೂಲವಿತ್ತು. ಇಪ್ಪತ್ತೆರಡರ ಆಸುಪಾಸಿನಲ್ಲಿ ವ್ರತ ತೆಗೆದುಕೊಳ್ಳುವ ಮುನ್ನ ಇವರು ಕೈಯಿಂದ ಬರೆದ ಆತ್ಮಕಥನದ ಹಾಳೆಗಳು ಮಠದಲ್ಲಿ ಜೋಪಾನವಾಗಿದ್ದವು.

ಆ ಹಾಳೆಗಳನ್ನು ಅರವತ್ತು ವರ್ಷಗಳ ನಂತರ ಓದಿ ನೋಡಿದಾಗ, ಸಂತೋಷ, ಕೃತಜ್ಞತೆ, ಭರವಸೆಯ ಮಾತುಗಳನ್ನು ಹೆಚ್ಚಾಗಿ ಬರೆದಿದ್ದವರು ಅತಿ ಕಡಿಮೆ ಬರೆದವರಿಗಿಂತ ಏಳು ವರ್ಷದಷ್ಟು ಹೆಚ್ಚು ಬದುಕಿದ್ದರು. ಅದಕ್ಕಿಂತಲೂ ಅಚ್ಚರಿ 'ಸಿಸ್ಟರ್ ಮೇರಿ' ಎಂದು ಸಂಶೋಧನೆಯಲ್ಲಿ ಕರೆಯಲಾದ ಒಬ್ಬರ ವಿಷಯ. ಅವರು 101ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯವರೆಗೆ ನೆನಪಿನ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ. ಆದರೆ ಮೆದುಳನ್ನು ತೆರೆದು ನೋಡಿದಾಗ ಅಲ್ಝೈಮರ್ಸ್ ಕಾಯಿಲೆಯ ಗುರುತುಗಳು ತುಂಬಿಕೊಂಡಿದ್ದವು. ಮೆದುಳು ಸವೆದಿತ್ತು, ಬದುಕು ಸವೆದಿರಲಿಲ್ಲ. ಇದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಒಂದೇ ಉತ್ತರವಿಲ್ಲ. ಚಿಕ್ಕಂದಿನ ಓದು, ಮೆದುಳಿನ ಹುಟ್ಟು ಬಲ, ಅದೃಷ್ಟ ಎಲ್ಲವೂ ಇರಬಹುದು. ಪ್ರಾರ್ಥನೆ ಮಾಡಿದವರಿಗೆ ಮರೆವು ಬರುವುದಿಲ್ಲ ಎಂದು ಮಾತ್ರ ದಯವಿಟ್ಟು ಯಾರೂ ತಿಳಿಯಬೇಡಿ. ಅದೇ ಮಠದಲ್ಲಿ ಅಷ್ಟೇ ಭಕ್ತಿಯಿಂದ ಬದುಕಿದ ಅನೇಕರು ಹೆಸರನ್ನೂ ಮರೆತು ತೀರಿಕೊಂಡರು.

ನಮ್ಮಲ್ಲಿ ಒಂದು ಗಾದೆ ಇದೆ: ಅರವತ್ತಕ್ಕೆ ಅರಳು ಮರಳು. ಇದು ಮಾಡಿದಷ್ಟು ಹಾನಿಯನ್ನು ಯಾವ ಕಾಯಿಲೆಯೂ ಮಾಡಿಲ್ಲವೇನೋ. ಅಜ್ಜ ಒಂದೇ ಮಾತನ್ನು ನಾಲ್ಕು ಸಲ ಕೇಳಿದರೆ, ಅಜ್ಜಿ ದಾರಿ ತಪ್ಪಿ ಬೇರೆ ಮನೆಯ ಬಾಗಿಲಿಗೆ ಹೋದರೆ, ಗಾದೆ ಹೇಳಿ ನಕ್ಕು ಸುಮ್ಮನಾಗುತ್ತೇವೆ. ಅದು ವಯಸ್ಸಲ್ಲ, ಕಾಯಿಲೆ. 2023ರಲ್ಲಿ ಪ್ರಕಟವಾದ ಲೆಕ್ಕದಂತೆ ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ನೂರಕ್ಕೆ ಏಳಕ್ಕಿಂತ ಹೆಚ್ಚು ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಹಳ್ಳಿಯ ಗಾಳಿ, ಹಳ್ಳಿಯ ಊಟ ನಮ್ಮನ್ನು ಕಾಪಾಡುತ್ತದೆ ಎಂದುಕೊಂಡಿದ್ದ ನಮಗೆ ಇದನ್ನು ಓದಿ ನಿದ್ರೆ ಬರಲಿಲ್ಲ.

ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದವರು 2018ರಿಂದ ಒಂದು ದೊಡ್ಡ ಅಧ್ಯಯನ ನಡೆಸುತ್ತಿದ್ದಾರೆ. ನಲವತ್ತೈದು ದಾಟಿದ ಹತ್ತು ಸಾವಿರ ಹಳ್ಳಿಗರನ್ನು ವರ್ಷಗಟ್ಟಲೆ ಹಿಂಬಾಲಿಸಿ, ಮುಪ್ಪು ಬರುವಾಗ ಮೆದುಳಿಗೆ ಏನಾಗುತ್ತದೆ ಎಂದು ತಿಳಿಯುವುದು ಅವರ ಗುರಿ. ಅಮೆರಿಕದ ಸಿಸ್ಟರರೆಲ್ಲ ಓದಿದವರು. ನಮ್ಮ ರೈತರು, ಕೂಲಿಗೆ ಹೋಗುವ ತಾಯಂದಿರು ಹಾಗಲ್ಲ. ನಮ್ಮವರ ಬಗ್ಗೆ ನಮ್ಮವರಿಂದಲೇ ತಿಳಿಯಬೇಕು ಎಂಬುದೇ ಈ ಅಧ್ಯಯನದ ಬೆಲೆ.

ಅಲ್ಲಿಯವರೆಗೆ ನಾವು ಕಾಯಬೇಕಾಗಿಲ್ಲ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಹೇಳಿದ ಪ್ರಕಾರ ಡಿಮೆನ್ಷಿಯಾಗಳಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯುವುದು ಅಥವಾ ಮುಂದೂಡುವುದು ಸಾಧ್ಯವಿರಬಹುದು. ಹದಿನಾಲ್ಕು ಕಾರಣಗಳನ್ನು ಕೊಟ್ಟಿದ್ದಾರೆ. ಬಿ.ಪಿ., ಸಕ್ಕರೆ, ಮದ್ಯ, ಬೀಡಿ ಎಲ್ಲ ನಮಗೆ ಗೊತ್ತಿರುವವೇ. ನಮ್ಮ ಕಣ್ಣಿಗೆ ಬೀಳದೆ ಹೋಗುವುದು ಮೂರು: ಕೇಳದ ಕಿವಿ, ಕಾಣದ ಕಣ್ಣು, ಜನರ ಒಡನಾಟ ಇಲ್ಲದಿರುವುದು. ಕಿವಿ ಕೇಳದವರೊಡನೆ ನಾವು ಮಾತು ಕಡಿಮೆ ಮಾಡುತ್ತೇವೆ. ಅವರು ತಪ್ಪು ಉತ್ತರ ಕೊಟ್ಟರೆ ಮಕ್ಕಳು ನಗುತ್ತಾರೆ. ಆಮೇಲೆ ಅವರೇ ಮಾತು ಬಿಡುತ್ತಾರೆ. ಕೆಲವರ ಕಿವಿಯಲ್ಲಿ ಬರಿಯ ಗುಗ್ಗೆ ಗಟ್ಟಿಯಾಗಿರುತ್ತದೆ, ಆಸ್ಪತ್ರೆಯಲ್ಲಿ ಸ್ವಲ್ಪ ಹೊತ್ತಿನಲ್ಲಿ ತೆಗೆಯುತ್ತಾರೆ. ಕಣ್ಣಿನ ಪೊರೆಗೆ ಸರಕಾರಿ ಯೋಜನೆಯಲ್ಲಿ ಉಚಿತ ಶಸ್ತ್ರಚಿಕಿತ್ಸೆ ಉಂಟು. ಇನ್ನು ಮರೆವೆಂದು ಕಾಣುವುದು ಕೆಲವೊಮ್ಮೆ ಬಿ12 ಕೊರತೆ, ಥೈರಾಯ್ಡ್, ಅಥವಾ ಮನಸ್ಸಿನ ಖಿನ್ನತೆ, ಔಷಧಕ್ಕೆ ಬಗ್ಗುವಂಥವು. ಗಾದೆ ಹೇಳಿ ಕುಳಿತರೆ ಇವು ಯಾವುವೂ ಗೊತ್ತಾಗುವುದಿಲ್ಲ.

ಆಸ್ಪತ್ರೆಗೆ ಹೋಗಿ ಎಂದು ಇಲ್ಲಿ ನಿಂತು ಹೇಳುವುದು ಸುಲಭ ಎಂಬುದು ನಮಗೆ ಗೊತ್ತಿದೆ. ಮಂಚಿಕೇರಿಯಿಂದ ಯಲ್ಲಾಪುರಕ್ಕೋ ಶಿರಸಿಗೋ ಹೋಗಬೇಕು, ಹೆಚ್ಚಿನದಕ್ಕೆ ಹುಬ್ಬಳ್ಳಿಗೆ. ಕಾಡಿನ ಒಳಗಿನ ಮನೆಗಳಿಂದ ಬಸ್ಸಿನವರೆಗೆ ಬರುವುದೇ ಹಿರಿಯರಿಗೆ ಅರ್ಧ ದಿನದ ಕೆಲಸ. ಜಿಲ್ಲೆಗೆ ಒಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2022ರಲ್ಲಿ ಉತ್ತರ ಕನ್ನಡದ ಯುವಜನರು ದೊಡ್ಡದಾಗಿ ದನಿ ಎತ್ತಿದ್ದನ್ನು ನೀವು ಮರೆತಿಲ್ಲ. ಅದು ಆಗಬೇಕು. ಆದರೆ ಮೇಲೆ ಹೇಳಿದ ಮೂರನೆಯ ಕಾರಣ, ಜನರ ಒಡನಾಟ, ಅದಕ್ಕೆ ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ.

ನಿಮ್ಮ ಊರಿನಲ್ಲಿಯೇ ಅದಕ್ಕೆ ಏರ್ಪಾಡು ಇತ್ತು. ಈಗ ಅಡಿಕೆ ಕೊಯ್ಲಿನ ಕಾಲ. ಸುಲಿಯುವ ರಾತ್ರಿಗಳು ನಿಮಗೆ ನೆನಪಿವೆ. ಅಂಗಳದ ಚಪ್ಪರದ ಕೆಳಗೆ ಲಾಟೀನಿನ ಸುತ್ತ ಇಪ್ಪತ್ತು ಜನ, ಒಬ್ಬೊಬ್ಬರ ಮುಂದೆ ಒಂದೊಂದು ಮೆಟ್ಟುಗತ್ತಿ. ಹವ್ಯಕರ ತೋಟದ ಅಡಿಕೆ, ಸುಲಿಯಲು ಸಿದ್ದಿಯರು, ಕೊಂಕಣಿಯವರು, ಕುಣಬಿಯವರು, ಮರಾಠಿಯವರು. ಎಪ್ಪತ್ತು ವರ್ಷದ ಅಜ್ಜಿ ಇಪ್ಪತ್ತರ ಹುಡುಗಿಯನ್ನು ಕೈ ಚಳಕದಲ್ಲಿ ಸೋಲಿಸುತ್ತಿದ್ದ ಜಾಗ ಅದು. ಬಾಯಿಗೆ ಕಥೆ, ಕೈಗೆ ಕೆಲಸ, ಬೆಳಗಿಗೆ ನಾಲ್ಕು ಕಾಸು. ಯಂತ್ರ ಬಂತು, ಬರಲೇಬೇಕಿತ್ತು. ರಾತ್ರಿಯೆಲ್ಲ ಕುಳಿತು ಬೆನ್ನು ಮುರಿದುಕೊಂಡವರ ಕಷ್ಟವನ್ನು ನಾವು ಸಿಹಿಯಾಗಿ ನೆನೆಯುವುದು ಸರಿಯಲ್ಲ. ಆದರೆ ಯಂತ್ರ ಬಂದಾಗ ಅಡಿಕೆಯ ಜೊತೆಗೆ ಆ ಕೂಟವೂ ಹೋಯಿತು. ಅದರ ಬದಲಿಗೆ ಹಿರಿಯರಿಗೆ ನಾವು ಏನು ಕೊಟ್ಟೆವು? ಟಿ.ವಿ.

ನಮ್ಮ ಸಿದ್ದಿ ಮನೆಗಳಲ್ಲಿ ಇಂದಿಗೂ ಒಂದು ವಿಷಯ ಉಳಿದಿದೆ. ಮನೆಯವರೆಲ್ಲರ ಹಳೆಯ ಬಟ್ಟೆಗಳನ್ನು ಹೊಂದಿಸಿ ಅಜ್ಜಿಯಂದಿರು ಕವಂದಿ ಹೊಲಿಯುತ್ತಾರೆ. ಹುಟ್ಟುವ ಮಗುವಿಗೆ ಅದರ ಮೇಲೆಯೇ ಮಲಗುವ ಭಾಗ್ಯ. ಅಲ್ಲಿ ಅಜ್ಜಿಯ ಕೈಯನ್ನು ಮನೆ ಕಾಯುತ್ತದೆ. ನಾವು ಹೋದ ಒಂದು ಮನೆಯಲ್ಲಿ ಮಾತ್ರ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣದೆ ಅರ್ಧ ಹೊಲಿದ ಕವಂದಿ ಮಡಚಿಟ್ಟಿತ್ತು. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದರು. ದಿನಕ್ಕೆ ಹತ್ತು ಸೂಜಿಗೆ ದಾರ ಪೋಣಿಸಿಟ್ಟು ಶಾಲೆಗೆ ಹೋಗಬೇಕೆಂದು ನಾವು ಅವರಿಗೆ ಹೇಳಿ ಬಂದೆವು.

ಜಗಲಿಯ ಅಜ್ಜಿಗೆ ಏನಾಯಿತು ಎಂದು ನೀವು ಕೇಳುತ್ತೀರಿ. ಹಿಡಿಕೋಲು ಹಾಕಿಸಿದೆವು. ಸಿಸ್ಟರ್ ಅವರನ್ನು ಡಾಕ್ಟರರ ಬಳಿಗೆ ಕರೆದುಕೊಂಡು ಹೋದರು, ಸ್ವಲ್ಪ ಗುಣ ಕಂಡಿತು, ಪೂರ್ತಿ ಇಲ್ಲ. ಅದೇ ವರ್ಷ ಸಮಾಧಿಯ ಹಳೆಯ ದಫ್ತರಕ್ಕೆ ಗೆದ್ದಲು ಹಿಡಿದದ್ದು ಗೊತ್ತಾಯಿತು. ಯಾವ ಗೋರಿ ಯಾರದೆಂದು ಹೇಳಬಲ್ಲವರು ಊರಿನಲ್ಲಿ ಬೆರಳೆಣಿಕೆಯಷ್ಟು. ಮೃತರ ಸ್ಮರಣೆಯ ದಿನಕ್ಕೆ ಮುಂಚೆ ನಾವು ಅಜ್ಜಿಯ ಮನೆಗೆ ಹೋಗಿ, 'ನಮಗೆ ಗೊತ್ತಿಲ್ಲ, ನೀವು ಬಂದು ಹೇಳಬೇಕು' ಎಂದೆವು. ಸಮಾಧಾನಕ್ಕೆ ಹೇಳಿದ್ದಲ್ಲ, ನಿಜವಾಗಿಯೂ ನಮಗೆ ಗೊತ್ತಿರಲಿಲ್ಲ. ಅವರು ಒಂದು ಕುರ್ಚಿಯಲ್ಲಿ ಕುಳಿತು, ಹುಡುಗರು ಕುರ್ಚಿಯನ್ನು ಸಾಲಿನಿಂದ ಸಾಲಿಗೆ ಎತ್ತಿ ಇಡುತ್ತಿದ್ದಂತೆ, ಹೆಸರು ಹೇಳುತ್ತಾ ಹೋದರು. ಕೆಲವು ಹೆಸರುಗಳ ವಿಷಯದಲ್ಲಿ ಇನ್ನೊಬ್ಬ ಅಜ್ಜನಿಗೂ ಅವರಿಗೂ ಜೋರು ಜಗಳವಾಯಿತು. ಹಾಗೆ ಜಗಳವಾಡಿ ಅವರಿಗೆ ಎಷ್ಟು ದಿನವಾಗಿತ್ತೋ! ಮುಂದಿನ ಕ್ರಿಸ್ತಜಯಂತಿಗೆ ಎರಡನೆಯ ಬೆಂಚಿನ ತುದಿಯಲ್ಲಿ, ಬಾಗಿಲಿನ ಹತ್ತಿರ, ಬಂದು ಕುಳಿತರು. ಮೊಣಕಾಲು ನೋವು ಹಾಗೆಯೇ ಇತ್ತು.

ಇನ್ನು ಒಂದು ಮಾತು, ಹೇಳಲು ಇಷ್ಟವಿಲ್ಲದಿದ್ದರೂ ಹೇಳಬೇಕಾದದ್ದು. ಎಲ್ಲ ಮನೆಗಳಲ್ಲಿಯೂ ಅತಿಯಾದ ಪ್ರೀತಿಯೇ ತೊಂದರೆಯಲ್ಲ. ಜಮೀನು ಬರೆಸಿಕೊಂಡ ಮೇಲೆ ತಟ್ಟೆ ದೂಡುವವರೂ ನಮ್ಮ ನಡುವೆ ಇದ್ದಾರೆ. ಹೆತ್ತವರ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಕಾನೂನು ಬಂದಿದೆ. ವಕೀಲರಿಲ್ಲದೆಯೂ ಉಪವಿಭಾಗದ ಅಧಿಕಾರಿಯ ಮುಂದೆ ಅರ್ಜಿ ಕೊಡಬಹುದು; ನಮಗೆ ಅದು ಶಿರಸಿಯ ಸಹಾಯಕ ಆಯುಕ್ತರ ಕಚೇರಿ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದು ಮಾಡಿಸಲೂ ಅವಕಾಶವಿದೆ. ಆದ್ದರಿಂದ ಹಿರಿಯರೇ, ಬರೆದುಕೊಡುವ ದಿನ ಬಂದರೆ ಆ ಷರತ್ತನ್ನು ಪತ್ರದಲ್ಲಿ ಬರೆಸಿ. 14567 ಎಂಬ ಸಂಖ್ಯೆಗೆ ಕರೆ ಮಾಡಿದರೆ ಹಿರಿಯರಿಗಾಗಿ ಸಹಾಯವಾಣಿ ಇದೆ.

ಜಗದ್ಗುರು ಫ್ರಾನ್ಸಿಸರು 2021ರ ಜನವರಿ 31ರಂದು ಅಜ್ಜ ಅಜ್ಜಿಯರ ಹಾಗೂ ವೃದ್ಧರ ವಿಶ್ವ ದಿನವನ್ನು ಘೋಷಿಸಿದಾಗ ಇದೇ ಸಮರ್ಪಣೆಯ ಹಬ್ಬವನ್ನು, ಸಿಮೆಯೋನ ಮತ್ತು ಅನ್ನಾರನ್ನು ನೆನೆದಿದ್ದರು. ಅವರೇ ಆಮೇಲೆ ಗಾಲಿಕುರ್ಚಿಗೆ ಬಂದರು. 2025ರ ಏಪ್ರಿಲ್ 21ರಂದು 88ನೆಯ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೆ ಆ ಕುರ್ಚಿಯಿಂದಲೇ ಕೆಲಸ ಮಾಡಿದರು. ಹಿಂದಿನ ದಿನ, ಪುನರುತ್ಥಾನದ ಹಬ್ಬದಂದು, ಜನರ ನಡುವೆ ವಾಹನದಲ್ಲಿ ಬಂದದ್ದನ್ನು ನಾವು ಟಿ.ವಿ.ಯಲ್ಲಿ ನೋಡಿದೆವು.

ಈಗ ಪೆಟ್ಟಿಗೆಯ ವಿಷಯ. ಮನೆಯಲ್ಲಿ ಉಳಿದಿರುವ ಹಿರಿಯರ ಹೆಸರುಗಳನ್ನು ಒಂದೊಂದು ಬತ್ತಿಗೆ ಚೀಟಿ ಸುತ್ತಿ ಬರೆದಿದೆ. ಬಲಿಪೂಜೆಯ ನಂತರ ಧರ್ಮೋಪದೇಶ ತರಗತಿಯ ಮಕ್ಕಳು ಇಬ್ಬಿಬ್ಬರಂತೆ ಬಂದು ಒಂದೊಂದನ್ನು ತೆಗೆದುಕೊಳ್ಳಲಿ. ದೊಡ್ಡವರು ಒಬ್ಬರು ಜೊತೆಗೆ ಹೋಗಲಿ. ಬತ್ತಿ ಕೊಟ್ಟು ಓಡಿ ಬರುವುದಲ್ಲ. ಜೀಪು ಬಂದ್ ಮಾಡಿ, ಕುಳಿತು, ಒಂದು ವಿಷಯವನ್ನು ಅವರಿಂದ ಕೇಳಿ ಬರೆದುಕೊಂಡು ಬರಬೇಕು: ಈಗ ಯಾರಿಗೂ ಬಾರದ ಒಂದು ಹಳೆಯ ಕೊಂಕಣಿ ಹಾಡು, ಢಮಾಮಿಯ ಒಂದು ಪದ, ಮನೆಯ ಹಿಂದಿನ ಮರವನ್ನು ನೆಟ್ಟವರ ಹೆಸರು, ಏನಾದರೂ. ನಮಗೆ ಗೊತ್ತಿಲ್ಲದ್ದೇ ಆಗಿರಬೇಕು. ಕೂಸುಗಳಿರುವ ತಾಯಂದಿರು ಹೋಗುವುದಾದರೆ ಕೂಸನ್ನೂ ಕರೆದುಕೊಂಡು ಹೋಗಿ, ಅವರ ಕೈಗೆ ಕೊಡಿ. ಕೆಳಗೆ ನಿಮ್ಮ ಕೈ ಇರಲಿ, ಸಾಕು.

ಬಾಗಿಲ ಹತ್ತಿರದ ಎರಡು ಬೆಂಚುಗಳನ್ನು ಮುಂದಿನ ಭಾನುವಾರದಿಂದ ಯಾರೂ ಹಿಡಿಯಬೇಡಿ. ಈಗ ವಿಶ್ವಾಸಿಗಳ ಪ್ರಾರ್ಥನೆಗಾಗಿ ಎದ್ದು ನಿಲ್ಲೋಣ. ನಿಲ್ಲಲಾಗದವರು ಕುಳಿತೇ ಇರಿ.